ಹೆರಿಗೆಯಾದ ಕೂಡಲೇ ವಂಕಿ: ನಮ್ಮ ಕೇಂದ್ರದಲ್ಲಿ ಹೀಗೆ ಸಾಧ್ಯವಾಯಿತು

ಹೆರಿಗೆಯಾದ ಕೂಡಲೇ ವಂಕಿ (ಮತ್ತೆ ಗರ್ಭ ನಿಲ್ಲದಂತೆ ಗರ್ಭಕೋಶದೊಳಗೆ ಇಡುವ ಕಾಪರ್ ಟಿ) ಹಾಕುವುದು ದೊಡ್ಡಾಸ್ಪತ್ರೆಯ ಕೆಲಸ, ಪ್ರಾಥಮಿಕ ಕೇಂದ್ರದಲ್ಲಿ ಹಾಕಿದರೆ ನಿಲ್ಲುವುದಿಲ್ಲ ಎಂದವರೇ ಈಗ ತಮ್ಮ ನರ್ಸ್‌ಗಳನ್ನು ಕಲಿಯಲು ನಮ್ಮಲ್ಲಿಗೆ ಕಳಿಸುತ್ತಿದ್ದಾರೆ.

ಮೊದಮೊದಲು ಬಹಳ ಬಿದ್ದುಹೋದವು. ನೂರಕ್ಕೆ ಹದಿನೈದರ ಹತ್ತಿರ ಇದ್ದಿರಬೇಕು. ಮಾಸು ಬಿದ್ದ 10 ನಿಮಿಷದೊಳಗೇ ಹಾಕುತ್ತಿದ್ದೆವು, ಹಾಕುತ್ತಿದ್ದ ವಂಕಿ, ಕಾಪರ್ ಟಿ 380ಎ, ಕೂಡ ಚೆನ್ನಾಗಿಯೇ ಇತ್ತು. ತೊಡಕು ವಂಕಿ ಹಿಡಿದು ಒಳಗಿಡುವ ಇಕ್ಕಳದ್ದು, ಅಂದರೆ ಫೋರ್ಸೆಪ್ಸ್‌ನದು. ಇದ್ದ ಗಿಡ್ಡ ರಿಂಗ್ ಫೋರ್ಸೆಪ್ಸ್, ಆಗತಾನೇ ಹೆತ್ತ ಗರ್ಭಕೋಶದಲ್ಲಿ ಫಂಡಸ್‌ವರೆಗೆ, ಅಂದರೆ ಗರ್ಭಕೋಶದ ಮೇಲ್ತುದಿಯವರೆಗೆ, ಎಟುಕುತ್ತಿರಲಿಲ್ಲ. ಉದ್ದನೆಯ ಬಾಗಿದ ಕೆಲ್ಲಿ ಫೋರ್ಸೆಪ್ಸ್ ಬೇಕೆಂದು ಬರೆದರೆ, ಪಟ್ಟಿಯಲ್ಲಿಲ್ಲವೆಂದು ವಾಪಸ್ ಬಂತು. ಕೊನೆಗೆ ಬಿಡಿ ಖರ್ಚಿನ ಹಣದಲ್ಲೇ ಕೊಂಡೆವು. ಆ ತಿಂಗಳ ಹಣದಲ್ಲಿ ಮುಕ್ಕಾಲು ಪಾಲು ಅದಕ್ಕೇ ಹೋಯಿತು. ಒಂದು ಸೆಟ್ ಸಾಲದು, ಎರಡು ಕೊಳ್ಳಿ. ಒಂದು ಆಟೋಕ್ಲೇವ್‌ನಲ್ಲಿ (ಉಪಕರಣಗಳನ್ನು ಹಬೆಯಲ್ಲಿ ಶುದ್ಧಮಾಡುವ ಯಂತ್ರ) ಇದ್ದಾಗಲೇ ಮತ್ತೊಂದು ಹೆರಿಗೆ ಬರುತ್ತದೆ. ಹೆರಿಗೆಯಾಗಿ 48 ಗಂಟೆ ದಾಟಿತೆಂದರೆ ಆ ತಾಯಿ ಮತ್ತೆ ವಾರಗಟ್ಟಲೆ ಕಾಯಬೇಕು, ಅಷ್ಟರಲ್ಲಿ ಎಷ್ಟೋ ಜನ ಬರುವುದೇ ಇಲ್ಲ.

ಫೋರ್ಸೆಪ್ಸ್ ಹೊರತೆಗೆಯುವಾಗ ವಂಕಿಯನ್ನು ಕೆಳಗೆ ಎಳೆದುಕೊಂಡು ಬರದಂತೆ ಕೈಯನ್ನು ಹೊರಳಿಸುವ ಒಂದು ವರಸೆ ನನಗಿದೆ. ಅದನ್ನು ಬರೆಯುವುದಿಲ್ಲ, ಬಂದವರಿಗೆ ಕೈ ಹಿಡಿದೇ ತೋರಿಸುತ್ತೇನೆ. ಈಗ ಬೀಳುವುದು ನೂರಕ್ಕೆ ನಾಲ್ಕೋ ಐದೋ. ಜ್ವರವಿದ್ದರೆ, ನೀರು ಒಡೆದು 18 ಗಂಟೆ ಮೀರಿದ್ದರೆ, ರಕ್ತಸ್ರಾವ ಹತೋಟಿಗೆ ಬಾರದಿದ್ದರೆ ನಾನು ಮುಟ್ಟುವುದಿಲ್ಲ.

ನೋವು ತಿನ್ನುತ್ತಿರುವವಳ ಒಪ್ಪಿಗೆಯನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಗರ್ಭಿಣಿ ತಪಾಸಣೆಗೆ ಬಂದಾಗಲೇ ಮಾತಾಡಿ ಕಾರ್ಡಿನಲ್ಲಿ ಬರೆದಿಡುತ್ತೇವೆ, ಹೆರಿಗೆಗೆ ದಾಖಲಾದಾಗ ಮತ್ತೆ ಕೇಳುತ್ತೇವೆ. ಬೇಡವೆಂದರೆ ಮಾತು ಅಲ್ಲಿಗೇ ಮುಗಿಯಿತು. "ತೆಗೆಸಬೇಕು ಅನಿಸಿದ ದಿನ ಬನ್ನಿ, ಅವತ್ತೇ ತೆಗೀತೀವಿ, ಯಾಕೆ ಅಂತ ಕೇಳಲ್ಲ" ಎಂದು ಹೇಳಿ ಹಾಗೇ ನಡೆದುಕೊಳ್ಳತೊಡಗಿದ ಮೇಲೆಯೇ ಒಪ್ಪುವವರು ಹೆಚ್ಚಾದದ್ದು.

ಆರನೇ ವಾರ ಮಗುವಿನ ಲಸಿಕೆ ದಿನವೇ ತಾಯಿಯ ತಪಾಸಣೆಯನ್ನೂ ಇಟ್ಟೆವು. "ಸಿಸ್ಟರ್, ದಾರ ಕೈಗೆ ಸಿಗ್ತಿಲ್ಲ, ಬಿದ್ದೋಯ್ತಾ?" ಎನ್ನುವ ಭಯಕ್ಕೆ ಅಲ್ಲೇ ಪರಿಹಾರ. ಗರ್ಭಕೋಶ ಕುಗ್ಗಿದಂತೆ ದಾರ ತಾನೇ ಇಳಿದು ಬಂದಿರುತ್ತದೆ, ಉದ್ದವಾಗಿದ್ದರೆ ಕತ್ತರಿಸಿ ಕಳಿಸುತ್ತೇವೆ.

ಇದೇ ದಿನ, ವಂಕಿ ಬೇಡವೆಂದವರಿಗೆ ಡಿಎಂಪಿಎ ಚುಚ್ಚುಮದ್ದು (ಮೂರು ತಿಂಗಳಿಗೊಮ್ಮೆ ಕೊಡುವ ಗರ್ಭನಿರೋಧಕ) ಶುರುಮಾಡಿ ನೋಡಿದೆವು. ಅರ್ಧದಷ್ಟು ಜನ ಎರಡನೇ ಡೋಸ್‌ಗೆ ಬರಲಿಲ್ಲ. ಮಗುವಿನ ಲಸಿಕೆ 6, 10, 14ನೇ ವಾರಕ್ಕೆ. ತಾಯಿಯ ಎರಡನೇ ಚುಚ್ಚುಮದ್ದು 13 ವಾರ ಕಳೆದು, ಅಂದರೆ ಮಗುವಿಗೆ 19 ವಾರವಾದಾಗ. ಅದೊಂದಕ್ಕಾಗಿಯೇ ಕೂಲಿ ಬಿಟ್ಟು ಯಾರು ಬರುತ್ತಾರೆ? ಈಗ ಆ ತಾಯಂದಿರ ಪಟ್ಟಿ ಬೇರೆಯೇ ಇಟ್ಟು, ಎರಡು ವಾರ ಮೊದಲೇ ಫೋನ್ ಮಾಡುತ್ತಿದ್ದೇವೆ. ಬರುವವರು ಸ್ವಲ್ಪ ಹೆಚ್ಚಾಗಿದ್ದಾರೆ, ನನಗಿನ್ನೂ ಸಮಾಧಾನವಿಲ್ಲ.