ಮಷೀನ್ ಬಟ್ಟೆ ಹಿಂಡುತ್ತಿಲ್ಲವಾ? ಮೊದಲು ನೀರು ನೋಡಿ

ನಮ್ಮ ಮೂಡಿಗೆರೆ ಕಡೆ ಆಷಾಢದಲ್ಲಿ ವಾಷಿಂಗ್ ಮಷೀನ್ ಒಗೆಯದಿದ್ದರೂ ನಡೆಯುತ್ತದೆ, ಹಿಂಡದಿದ್ದರೆ ಕಷ್ಟ. ಒಗೆಯೋಕೆ ಕಲ್ಲಿದೆ. ನೀರು ಸುರಿಯುವ ಜೀನ್ಸ್ ಪ್ಯಾಂಟನ್ನು ಬಚ್ಚಲ ಒಲೆ ಮೇಲೆ ಎಷ್ಟು ದಿನ ಅಂತ ನೇತು ಹಾಕುತ್ತೀರಿ? ಎರಡು ದಿನಕ್ಕೆ ಹೊಗೆ ವಾಸನೆ, ನಾಲ್ಕು ದಿನಕ್ಕೆ ಬೂಷ್ಟು.

ಹೋದ ಮಳೆಗಾಲದಲ್ಲಿ ನಮ್ಮ ಟಾಪ್ ಲೋಡ್ ಹೀಗೇ ಕೈಕೊಟ್ಟಿತು. ರಿಪೇರಿಯವರು ಬರೋದಕ್ಕೇ ಒಂದು ವಾರ ಆಯಿತು. ಬಂದವರು ಹಿಂದೆ ಬಗ್ಗಿ, ಗೋಡೆಗೂ ಮಷೀನಿಗೂ ನಡುವೆ ಸಿಕ್ಕಿ ಮಡಚಿಕೊಂಡಿದ್ದ ಪೈಪ್ ಬಿಡಿಸಿದರು, ಚಾರ್ಜ್ ತಗೊಂಡು ಹೋದರು. ನೆಲ ಒರೆಸುವಾಗ ಮಷೀನನ್ನು ಹಿಂದಕ್ಕೆ ತಳ್ಳಿದ್ದು ನಾನೇ, ಹಾಗಾಗಿ ಯಾರನ್ನೂ ಬೈಯುವ ಹಾಗಿರಲಿಲ್ಲ.

ವಿಷಯ ಏನೆಂದರೆ, ಒಳಗೆ ನೀರು ಇರುವ ತನಕ ಮಷೀನ್ ಸ್ಪಿನ್ ಮಾಡೋದೇ ಇಲ್ಲ. ನೀರಿನ ಮಟ್ಟ ನೋಡುವ ಒಂದು ಸ್ವಿಚ್ ಇರುತ್ತದೆ. ನೀರು ಇಳಿದಿದೆ ಅಂತ ಅದಕ್ಕೆ ಗೊತ್ತಾದ ಮೇಲೇ ಟಬ್ ಜೋರಾಗಿ ತಿರುಗೋದು. ಅದಕ್ಕೇ ಮೊದಲು ಒಳಗೆ ಇಣುಕಿ.

ನೀರು ನಿಂತಿದ್ದರೆ ಪೈಪ್ ನೋಡಿ. ಪಂಪ್ ಇಲ್ಲದ ಟಾಪ್ ಲೋಡಿನಲ್ಲಿ ನೀರು ತಾನಾಗೇ ಇಳಿಜಾರಿಗೆ ಹರಿಯಬೇಕು, ಪೈಪಿನ ತುದಿಯನ್ನು ಬಚ್ಚಲ ಕಟ್ಟೆ ಮೇಲೆ ಎತ್ತಿಟ್ಟರೆ ಅರ್ಧ ನೀರು ಒಳಗೇ ಉಳಿಯುತ್ತದೆ. ಫ್ರಂಟ್ ಲೋಡ್ ಆದರೆ ಮುಂದೆ ಕೆಳಗಡೆ ಮೂಲೆಯಲ್ಲಿ ಚಿಕ್ಕ ಬಾಗಿಲಿನ ಹಿಂದೆ ಫಿಲ್ಟರ್ ಇರುತ್ತದೆ. ಪ್ಲಗ್ ಕಿತ್ತು, ಬಿಸಿ ನೀರಾದರೆ ಆರಲು ಬಿಟ್ಟು, ಕೆಳಗೆ ತಟ್ಟೆ ಇಟ್ಟು ನಿಧಾನವಾಗಿ ತಿರುಗಿಸಿ. ಪೂರ್ತಿ ಒಂದೇ ಸಲ ತೆಗೆದರೆ ನೆಲವೆಲ್ಲ ಕೆರೆ. ನಮ್ಮ ಅಕ್ಕನ ಮನೆ ಫಿಲ್ಟರಿನಲ್ಲಿ ಸಿಕ್ಕಿದ್ದು ಒಂದು ಪಿನ್ನು, ಹತ್ತಿಪ್ಪತ್ತು ಮೆಣಸಿನ ಕಾಳು, ಸತ್ತ ಇಂಬಳ ಒಂದು. ಭಾವ ತೋಟದಿಂದ ಬಂದವರು ಜೇಬು ಕೊಡವುವುದಿಲ್ಲ.

ನೀರು ಖಾಲಿಯಾಗಿದ್ದೂ ತಿರುಗದಿದ್ದರೆ ಭಾರ ಒಂದೇ ಕಡೆ ಕೂತಿರಬಹುದು. ಒಂದೇ ದಪ್ಪ ಹೊದಿಕೆ ಹಾಕಿದರೆ ಅದು ನೀರು ಕುಡಿದು ಉಂಡೆಯಾಗಿ ಒಂದು ಮಗ್ಗುಲಿಗೆ ಬೀಳುತ್ತದೆ. ಮಷೀನ್ ಎರಡು ಮೂರು ಸಲ ಪ್ರಯತ್ನ ಪಟ್ಟು ಕೈಬಿಡುತ್ತದೆ. ಬಿಡಿಸಿ, ಜೊತೆಗೆ ಎರಡು ಟವೆಲ್ ಹಾಕಿ ನೋಡಿ. ಇನ್ನೊಂದು, ನಮ್ಮ ಕಡೆ ಬಚ್ಚಲಿನ ನೆಲವೇ ಇಳಿಜಾರು. ಮಷೀನಿನ ಮೂಲೆ ಒತ್ತಿ ನೋಡಿ, ಅಲ್ಲಾಡಿದರೆ ಕೆಳಗಿನ ಕಾಲು ತಿರುಗಿಸಿ ಸಮ ಮಾಡಿ.

ಮುಚ್ಚಳ ಸರಿಯಾಗಿ ಕೂತಿಲ್ಲದಿದ್ದರೂ ತಿರುಗುವುದಿಲ್ಲ. ಅಲ್ಲಿನ ಸ್ವಿಚ್ಚಿಗೆ ಟೇಪ್ ಸುತ್ತಿ ಮೋಸ ಮಾಡುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ, ಟಬ್ ನಿಮಿಷಕ್ಕೆ 700ರ ಆಸುಪಾಸು ಸುತ್ತುತ್ತದೆ, ಮಕ್ಕಳ ಕೈ ಹೋದರೆ ಗತಿ ಏನು? ವೋಲ್ಟೇಜ್ ಕೂಡ ನೋಡಿ. 230 ಇರಬೇಕಾದದ್ದು ಮಳೆಯಲ್ಲಿ ತೀರಾ ಇಳಿದರೆ ಮೋಟಾರ್ ಸುಮ್ನೆ ಗುಂಯ್ ಅನ್ನುತ್ತದೆ, ಅಷ್ಟೇ. ಆಗ ಆಫ್ ಮಾಡಿ ಕಾಯೋದೇ ಒಳ್ಳೆಯದು.

ಸೆಮಿ ಆಟೋಮ್ಯಾಟಿಕ್ ಇದ್ದವರು ಡ್ರೈಯರಿನ ಸಂದಿಯಲ್ಲಿ ಕರ್ಚೀಫೋ ಸಾಕ್ಸೋ ಸಿಕ್ಕಿದೆಯಾ ನೋಡಿ. ಇಲ್ಲವಾದರೆ ಪ್ಲಗ್ ಕಿತ್ತು ಹಿಂದಿನ ಹಲಗೆ ಬಿಚ್ಚಿ. ಡ್ರೈಯರ್ ಮುಚ್ಚಳ ಹಾಕಿದಾಗ ಒಂದು ತಂತಿ ಬ್ರೇಕನ್ನು ಎಳೆದು ಬಿಡಿಸಬೇಕು. ತಂತಿ ತುಂಡಾಗಿದ್ದರೆ ಬ್ರೇಕ್ ಹಿಡಿದೇ ಇರುತ್ತದೆ. ಬ್ರೇಕ್ ಸರಿ ಇದೆ, ಕೈಯಲ್ಲಿ ಸಲೀಸಾಗಿ ತಿರುಗುತ್ತದೆ, ಕರೆಂಟ್ ಕೊಟ್ಟರೆ ಮಾತ್ರ ಗುಂಯ್ ಅಂದರೆ ಅನುಮಾನ ಕಂಡೆನ್ಸರ್ ಮೇಲೆ, ಅಂದರೆ ಮೋಟಾರ್ ತಿರುಗಲು ಶುರುವಾಗೋಕೆ ಒತ್ತು ಕೊಡುವ ಚಿಕ್ಕ ಡಬ್ಬಿಯಂಥ ಭಾಗದ ಮೇಲೆ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತದೆ, ಬರಿಗೈಲಿ ಮುಟ್ಟಬೇಡಿ. ಅಭ್ಯಾಸ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್‌ಗೆ ಬಿಡಿ. ಹಳೆ ಕಂಡೆನ್ಸರಿನ ಮೈಮೇಲೆ ಬರೆದಿರುವ ಮೈಕ್ರೋಫ್ಯಾರಡ್ (ಅದರ ಅಳತೆ) ಅಂಕಿಯದ್ದನ್ನೇ ಹಾಕಿಸಿ.

ಇನ್ನು ಇಲಿ. ಕೆಲವು ಮಷೀನಿನ ತಳ ಪೂರ್ತಿ ತೆರೆದೇ ಇರುತ್ತದೆ, ಮಳೆಗೆ ಒಳಬಂದ ಇಲಿಗೆ ಅದಕ್ಕಿಂತ ಒಳ್ಳೆ ಮನೆ ಬೇಕಾ? ಪ್ಲಗ್ ಕಿತ್ತು, ಇನ್ನೊಬ್ಬರನ್ನು ಹಿಡಿಯಲು ಹೇಳಿ, ಗೋಡೆಗೆ ವಾಲಿಸಿ ಟಾರ್ಚ್ ಬಿಟ್ಟು ನೋಡಿ. ಟಬ್ ತಿರುಗಿಸುವ ಬೆಲ್ಟ್ ಬಿದ್ದಿದ್ದರೆ ಅದರ ಮೇಲಿನ ನಂಬರ್ ತೋರಿಸಿ ಹೊಸದು ತನ್ನಿ, ಜೊತೆಗೆ ಅಡಿಗೆ ಹಾಕೋಕೆ ಒಂದು ಜಾಲರಿಯನ್ನೂ. ವೈರ್ ಕಡಿದಿದ್ದರೆ, ಮೈ ಮುಟ್ಟಿದರೆ ಶಾಕ್ ಹೊಡೆದರೆ, ತಿರುಗುವಾಗ ಗರಗರ ಸದ್ದು ಬಂದರೆ ಅಲ್ಲಿಗೆ ನಿಲ್ಲಿಸಿ ರಿಪೇರಿಯವರಿಗೆ ಫೋನ್ ಮಾಡಿ.

ಅವರು ಬರುವ ತನಕ ಕೈಯಲ್ಲಿ ಹಿಂಡಿದ ಬಟ್ಟೆಯನ್ನು ಒಣ ಟವೆಲ್ ಮೇಲೆ ಹರವಿ, ಚಾಪೆ ಥರ ಬಿಗಿಯಾಗಿ ಸುತ್ತಿ, ಮಕ್ಕಳಿಗೆ ಅದರ ಮೇಲೆ ಕುಣಿಯೋಕೆ ಹೇಳಿ. ಅರ್ಧ ನೀರು ಟವೆಲ್ಲಿಗೆ ಹೋಗುತ್ತದೆ.