ಏರಿನಲ್ಲಿ ಸುಟ್ಟ ಕಂಟ್ರೋಲರ್: ಐಸ್ ಗಾಡಿಗೆ ಹೊಸದನ್ನು ಆರಿಸಿದ ಅನುಭವ

ಕಂಟ್ರೋಲರ್ ಅಂದರೆ ಬ್ಯಾಟರಿ ಗಾಡಿಯಲ್ಲಿ ಪೆಡಲ್ ಒತ್ತಿದಷ್ಟು ಕರೆಂಟನ್ನು ಮೋಟಾರಿಗೆ ಬಿಡುವ ಪೆಟ್ಟಿಗೆ. ಅದರ ಮುಚ್ಚಳ ಬಿಚ್ಚಿದ ಕೂಡಲೇ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಕರೆಂಟನ್ನು ಆನ್-ಆಫ್ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್ಚುಗಳಾಗಿ ಸಾಲಾಗಿ ಕೂತಿದ್ದ ಮಾಸ್ಫೆಟ್‌ಗಳಲ್ಲಿ ಎರಡು ಒಡೆದು ಕಪ್ಪಾಗಿದ್ದವು. ಮೋಟಾರಿನ ವೈರು ಕೂರುವ ಲಗ್ಗಿನ ಸುತ್ತ ಹಸಿರು ಕಿಲುಬು. ಆ ಕಂಟ್ರೋಲರ್ ಹಾಕಿ ಇಪ್ಪತ್ತು ದಿನವೂ ಆಗಿರಲಿಲ್ಲ.

ಗಾಡಿ ಕಾರವಾರದ ಬೈತಖೋಲ ಬಂದರಿನ ಹತ್ತಿರದ ಒಂದು ಐಸ್ ಪ್ಲ್ಯಾಂಟಿನದು. 48 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ, ಬ್ರಷ್ ಇರುವ ಹಳೇ ಸೀರೀಸ್ ಡಿಸಿ ಮೋಟಾರ್. ಬೆಳಿಗ್ಗೆ ಬೋಟುಗಳು ಬಂದ ಮೇಲೆ ಕೆಳಗೆ ಐಸ್ ಇಳಿಸಿ, ಬಾಂಗಡೆ ಕ್ರೇಟ್ ಹೇರಿಕೊಂಡು ಏರು ಹತ್ತಬೇಕು. ಇದೇ ಕೆಲಸ ಮೂವತ್ತು, ನಲವತ್ತು ಸಲ.

ಓಡಿಸುವ ಹುಡುಗ ಹೇಳಿದ್ದು ಇಷ್ಟು: "ಅಣ್ಣಾ, ಸಪಾಟಿನಲ್ಲಿ ಚಲೋ ಓಡ್ತದೆ. ಏರಿನಲ್ಲಿ ಎದುರು ಲಾರಿ ಬಂದ್ರೆ ನಿಲ್ಲಿಸ್ಬೇಕಲ್ವಾ, ಮತ್ತೆ ಹೊರಡೋವಾಗ್ಲೇ ಕಷ್ಟ. ಇವತ್ತು ಪೆಡಲ್ ಬಿಟ್ರೂ ಗಾಡಿ ಮುಂದೆ ನುಗ್ತು." ಅವನು ಬ್ಯಾಟರಿಯ ಎಮರ್ಜೆನ್ಸಿ ಪ್ಲಗ್ ಎಳೆದಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಮಾಸ್ಫೆಟ್ ಸುಟ್ಟರೆ ಹೆಚ್ಚಾಗಿ ಶಾರ್ಟ್ ಆಗಿಬಿಡುತ್ತದೆ. ಆಗ ಬ್ಯಾಟರಿಯ ಪೂರ್ತಿ ವೋಲ್ಟೇಜ್ ನೇರ ಮೋಟಾರಿಗೆ. ಎಳೆದು ಕೀಳುವ ಪ್ಲಗ್ ಇಲ್ಲದ ಗಾಡಿಯನ್ನು ನಾನಂತೂ ಅಂಗಳದಿಂದ ಹೊರಗೆ ಬಿಡುವುದಿಲ್ಲ.

ಸುಟ್ಟುಹೋದ ಈ ಮೊದಲ ಕಂಟ್ರೋಲರನ್ನು ನಾನು ವ್ಯಾಟ್ ನೋಡಿ ತಂದಿದ್ದೆ. ಅದರ ಮೇಲೆ ದೊಡ್ಡದಾಗಿ 180 ಆಂಪಿಯರ್ ಎಂದಿತ್ತು. ಆದರೆ ಅದು ಒಂದು ನಿಮಿಷದ ಲೆಕ್ಕ. ಸತತವಾಗಿ ತಾಳುವುದು ಬರೀ 70 ಎಂದು ಒಳಗಿನ ಚೀಟಿಯಲ್ಲಿ ಸಣ್ಣಕ್ಷರದಲ್ಲಿತ್ತು.

ಈ ಸಲ ಮೊದಲು ಏರನ್ನೇ ಅಳೆದೆ. ಹತ್ತು ಅಡಿ ಹೋದರೆ ಒಂದು ಅಡಿ ಏರುತ್ತದೆ. ಗಾಡಿ, ಸರಕು, ಜನ ಸೇರಿ ಸುಮಾರು 1200 ಕೆಜಿ. ಅದರ ಹತ್ತನೇ ಒಂದು ಪಾಲು, ಅಂದರೆ 120 ಕೆಜಿಯ ಎಳೆತ ಏರಿಗೇ ಬೇಕು. ಚಕ್ರ ಉರುಳಲು ಇನ್ನೊಂದು 25. ಗಂಟೆಗೆ 5 ಕಿ.ಮೀ. ವೇಗಕ್ಕೆ ಇದು ಸುಮಾರು 2 ಕಿಲೋವ್ಯಾಟ್. ಮೋಟಾರು, ಗೇರಿನಲ್ಲಿ ಹೋಗುವ ನಷ್ಟ ಸೇರಿಸಿದರೆ 2.7. ಬ್ಯಾಟರಿಯಿಂದ 60 ಆಂಪಿಯರ್ ಸಾಕು ಅನ್ನಿಸುತ್ತದೆ, ಅಲ್ವಾ? ನಾನು ಎಡವಿದ್ದು ಇಲ್ಲೇ.

ಗೆಳೆಯರೊಬ್ಬರ ದೊಡ್ಡ ಕಂಟ್ರೋಲರ್ ಎರವಲು ತಂದು ಕೂರಿಸಿ, ತುಂಬಿದ ಗಾಡಿಯನ್ನು ಏರಿಗೆ ಬಿಟ್ಟೆವು. ವೈರನ್ನು ಕಚ್ಚಿ ಹಿಡಿದು ಡಿಸಿ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರನ್ನು ಬ್ಯಾಟರಿ ವೈರಿಗೆ ಹಾಕಿದರೆ 58 ಆಂಪಿಯರ್. ಅದೇ ಮೀಟರನ್ನು ಮೋಟಾರ್ ವೈರಿಗೆ ಹಾಕಿದರೆ 165! ಮೀಟರ್ ಕೆಟ್ಟಿಲ್ಲ. ನಿಧಾನ ಹೋಗುವಾಗ ಮೋಟಾರಿಗೆ ವೋಲ್ಟೇಜ್ ಕಡಿಮೆ ಸಾಕು, ಕರೆಂಟ್ ಮಾತ್ರ ಜಾಸ್ತಿ ಬೇಕು. ಕಂಟ್ರೋಲರ್ ಬ್ಯಾಟರಿಯ 46 ವೋಲ್ಟನ್ನು ಕತ್ತರಿಸಿ ಕತ್ತರಿಸಿ ಸುಮಾರು 16 ಮಾಡಿ ಕೊಡುತ್ತಿತ್ತು. ಕಂಟ್ರೋಲರನ್ನು ಬಿಸಿ ಮಾಡುವುದು ಮೋಟಾರಿನ ಕಡೆಯ ಈ ಕರೆಂಟ್. ಒಂದು ಸಲ ಹತ್ತಲು ಅರ್ಧ ನಿಮಿಷ ಸಾಕು, ನಿಜ. ಆದರೆ ನಡುವೆ ನಿಂತು ಹೊರಡುವುದು, ಇಳಿದು ಬಂದು ಮತ್ತೆ ಹತ್ತುವುದು. ತಣ್ಣಗಾಗಲು ಪುರುಸೊತ್ತೇ ಇಲ್ಲ. ಬಿಸಿಯಾದಾಗ ತಾನಾಗಿ ಕರೆಂಟ್ ಇಳಿಸಿಕೊಳ್ಳುವ ಏರ್ಪಾಡೂ ಹಳೆಯದರಲ್ಲಿ ಇರಲಿಲ್ಲ.

ಕೊನೆಗೆ ತಂದದ್ದು ಎರಡು ನಿಮಿಷದವರೆಗೆ 400, ಒಂದು ಗಂಟೆಯವರೆಗೆ 175 ಆಂಪಿಯರ್ ತಾಳುವಂಥದ್ದು. ಬೆಲೆ ಹಳೆಯದರ ಮೂರು ಪಟ್ಟು. ಮಾಲೀಕರಿಗೆ ಕ್ಲ್ಯಾಂಪ್ ಮೀಟರ್ ತೋರಿಸಿದ ಮೇಲೆ ಒಪ್ಪಿದರು. ಇನ್ನೆರಡು ಗುಣ ಕೇಳಿ ತೆಗೆದುಕೊಂಡೆ. ಪೆಡಲ್ ಒತ್ತಿಕೊಂಡು ಕೀ ಹಾಕಿದರೆ ಗಾಡಿ ಹೊರಡಬಾರದು. ಕಂಟ್ರೋಲರ್ ಐಪಿ65, ಅಂದರೆ ಧೂಳು, ಚಿಮ್ಮುವ ನೀರು ಒಳಗೆ ಹೋಗದಂಥದ್ದು ಇರಬೇಕು, ಯಾಕೆಂದರೆ ಇಲ್ಲಿ ಗಾಡಿಯನ್ನು ದಿನಾ ಪೈಪ್ ಹಿಡಿದು ತೊಳೆಯುತ್ತಾರೆ.

ಎಸಿ ಮೋಟಾರಿಗೆ ಹೋಗೋಣವೇ ಎಂದೂ ಯೋಚಿಸಿದೆ. ಬ್ರಷ್ ಇಲ್ಲ, ಇಳಿಜಾರಿನಲ್ಲಿ ಗಾಡಿ ಹಿಡಿದುಕೊಳ್ಳುತ್ತದೆ. ಹೊಸ ಗಾಡಿಯಾದರೆ ನಾನು ಅದನ್ನೇ ಹೇಳುತ್ತೇನೆ, ಆದರೆ ಮೋಟಾರ್, ಕಂಟ್ರೋಲರ್ ಎರಡನ್ನೂ ಒಂದೇ ಕಡೆ ಜೋಡಿಯಾಗಿ ತರಬೇಕು. ಮೋಟಾರಿನ ವಿವರ ಕಂಟ್ರೋಲರಿಗೆ ತುಂಬದಿದ್ದರೆ ಎಸಿ ಸರಿಯಾಗಿ ಓಡುವುದಿಲ್ಲ.

ಕೂರಿಸುವಾಗ ಬಿಸಿ ಎಳೆದುಕೊಳ್ಳಲಿ ಎಂದು ದಪ್ಪ ಅಲ್ಯೂಮಿನಿಯಂ ತಟ್ಟೆಗೆ ಥರ್ಮಲ್ ಪೇಸ್ಟ್ ಹಚ್ಚಿ, ಸೀಟಿನ ಕೆಳಗೆ ಗಾಳಿ ಆಡುವ ಕಡೆ ಬಿಗಿದೆ. ತವರ ಲೇಪಿಸಿದ ತಾಮ್ರದ ಲಗ್ಗು ಹಾಕಿ ಮೇಲೆ ಗ್ರೀಸ್ ಸವರಿದೆ. ಕಂಟ್ರೋಲರ್ ಒಳಗಿನ ಕೆಪಾಸಿಟರ್ ಒಮ್ಮೆಗೇ ಕರೆಂಟ್ ಎಳೆದರೆ ಬ್ಯಾಟರಿಯನ್ನು ಜೋಡಿಸುವ ದೊಡ್ಡ ಸ್ವಿಚ್ಚಾದ ಕಾಂಟ್ಯಾಕ್ಟರಿನ ಪಾಯಿಂಟ್ ಅಂಟಿಕೊಳ್ಳುತ್ತದೆ. ಕೆಪಾಸಿಟರ್ ಮೊದಲೇ ನಿಧಾನ ತುಂಬಲಿ ಎಂದು ಕಾಂಟ್ಯಾಕ್ಟರಿನ ಪಕ್ಕದಲ್ಲಿ ಒಂದು ರೆಸಿಸ್ಟರ್ ಕೊಟ್ಟೆ. ಪಾಯಿಂಟ್ ಅಂಟಿದರೆ ಸ್ವಿಚ್ ಆಫ್ ಮಾಡಿದರೂ ಗಾಡಿ ಆಫ್ ಆಗುವುದಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಅಲ್ವಾ, ಆಗ ಗಾಡಿ ನನ್ನ ಶೆಡ್ಡಿಗೆ ಬಂತು. ಹೊರಗೆ ಧೋ ಎಂದು ಮಳೆ. ಗ್ರೀಸ್ ಒರೆಸಿ ಟಾರ್ಚ್ ಹಿಡಿದು ನೋಡಿದೆ. ಲಗ್ಗುಗಳಲ್ಲಿ ಕಿಲುಬಿನ ಸುಳಿವೂ ಇರಲಿಲ್ಲ. ತಟ್ಟೆಯ ಒಂದು ಬೋಲ್ಟ್ ಮಾತ್ರ ತುಕ್ಕು ಹಿಡಿದಿತ್ತು. ಅದನ್ನು ಬಿಚ್ಚಿ ಸ್ಟೇನ್‌ಲೆಸ್ ಬೋಲ್ಟ್ ಹಾಕಿದೆ.