ಸೆಡಾನೋ, ಹಳೇ ಫೋರ್ ವೀಲ್ ಡ್ರೈವೋ?

ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳಲು ಹೊರಟಿದ್ದೆ. ಒಂದು ಕಡೆ ಕಡಿಮೆ ಓಡಿದ ಸೆಡಾನ್, ಇನ್ನೊಂದು ಕಡೆ ಅದಕ್ಕಿಂತ ಬಹಳ ಹಳೆಯ ಫೋರ್ ವೀಲ್ ಡ್ರೈವ್ ಎಸ್‌ಯುವಿ. ಎರಡಕ್ಕೂ ಹೆಚ್ಚುಕಡಿಮೆ ಒಂದೇ ಬೆಲೆ. ಮನಸ್ಸು ಎಸ್‌ಯುವಿ ಕಡೆಗೇ ವಾಲಿತ್ತು. ಹಾಗಾಗಿಯೇ ಅದನ್ನು ಹೆಚ್ಚು ಕೆದಕಿ ನೋಡಬೇಕು ಅನ್ನಿಸಿತು.

ನಾನು ಬರುವವರೆಗೆ ಎಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ ಇಬ್ಬರು ಮಾಲೀಕರಿಗೂ ಹೇಳಿಟ್ಟಿದ್ದೆ. ಬಿಸಿ ಎಂಜಿನ್ ಎಷ್ಟೋ ಕಾಯಿಲೆಗಳನ್ನು ಬಚ್ಚಿಡುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಅಂತ ಅರ್ಥ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಸೋರುತ್ತಿರಬಹುದು. ಎರಡೂ ಗಾಡಿ ಇದರಲ್ಲಿ ಪಾಸಾದವು.

ಸೆಡಾನ್ ಪರೀಕ್ಷೆ ಬೇಗ ಮುಗಿಯಿತು. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತು ಹೊಡೆಸಿದೆ. ಚಕ್ರಕ್ಕೆ ಎಂಜಿನ್ನಿನ ಶಕ್ತಿ ತಲುಪಿಸುವ ಶಾಫ್ಟಿನ ಕೀಲು, ಅಂದರೆ ಸಿವಿ ಜಾಯಿಂಟ್, ಸವೆದಿದ್ದರೆ ಟಕಟಕ ಸದ್ದು ಬರಬೇಕು, ಬರಲಿಲ್ಲ. ಟೈರಿನ ಗೋಡೆಯ ಮೇಲೆ 2316 ಎಂದಿತ್ತು, ಅಂದರೆ 2016ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಮೇಲಿನ ಗೆರೆಗಳು ಹೆಚ್ಚು ಸವೆಯದೆ ಉಳಿದಿದ್ದರೂ ರಬ್ಬರ್ ಗಟ್ಟಿಯಾಗಿತ್ತು.

ಎಸ್‌ಯುವಿಯಲ್ಲಿದ್ದದ್ದು ಬೇಕಾದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಪಾರ್ಟ್ ಟೈಮ್ ವ್ಯವಸ್ಥೆ. ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಸೆಂಟರ್ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳುತ್ತವೆ. ಒಣ ಟಾರಿನ ಮೇಲೆ ಫೋರ್ ವೀಲ್ ಹಾಕಿದರೆ ಆ ವ್ಯತ್ಯಾಸಕ್ಕೆ ಜಾಗವಿಲ್ಲದೆ ಶಾಫ್ಟು, ಗೇರುಗಳು ಬಿಗಿದುಕೊಳ್ಳುತ್ತವೆ. ಆದ್ದರಿಂದ ಚಕ್ರಗಳು ಕೊಂಚ ಜಾರಬಲ್ಲ, ಜಲ್ಲಿ ಹಾಸಿದ ಜಾಗಕ್ಕೆ ಒಯ್ದೆ. ಮಾಮೂಲಿ ವೇಗಕ್ಕೆ ಬಳಸುವ ಫೋರ್ ಹೈ ಸಲೀಸಾಗಿ ಬಿತ್ತು. ನಿಧಾನವಾಗಿ, ಹೆಚ್ಚು ಬಲದಿಂದ ಎಳೆಯಲು ಬಳಸುವ ಫೋರ್ ಲೋ ಹಾಕಲು ಗಾಡಿ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು, ಕ್ಲಚ್ ಒತ್ತಿ ಲಿವರ್ ಎಳೆದರೆ ಜಪ್ಪಯ್ಯ ಅನ್ನಲಿಲ್ಲ. ಸ್ವಲ್ಪ ಹಿಂದೆ ಮುಂದೆ ಮಾಡಿದ ಮೇಲೆ ಕರ್ರನೆ ಕೂತಿತು, ವಾಪಸ್ ಬರಲು ಮತ್ತೆ ಹಟ.

"ಅದನ್ನ ನಾವು ಯಾವತ್ತೂ ಬಳಸೇ ಇಲ್ಲ ಸಾರ್" ಎಂದರು ಮಾಲೀಕರು, ಹೆಮ್ಮೆಯಿಂದ. ನನಗೆ ಚಿಂತೆ ಶುರುವಾದದ್ದೇ ಆಗ. ವರ್ಷಗಟ್ಟಲೆ ಅಲುಗಾಡಿಸದ ಲಿವರ್, ಲಿಂಕೇಜ್ ತುಕ್ಕು ಹಿಡಿದು ಬಿಗಿದುಕೊಳ್ಳುತ್ತವೆ. ಜತೆಗಿದ್ದ ಮೆಕ್ಯಾನಿಕ್ ಮುಂದಿನ ಎರಡು ಚಕ್ರಗಳ ನಡುವಿನ ಡಿಫರೆನ್ಷಿಯಲ್ಲಿನ ಫಿಲ್ಲರ್ ಪ್ಲಗ್ ಬಿಚ್ಚಿ ಬೆರಳಾಡಿಸಿದರೆ, ಆಯಿಲ್ ಹಾಲು ಬೆರೆತ ಹಾಗೆ ಬಿಳಿಚಿಕೊಂಡಿತ್ತು. ಒಳಗೆ ನೀರು ಸೇರಿದೆ. ಹಿಂದಿನ ಸ್ಪ್ರಿಂಗ್ ಹ್ಯಾಂಗರ್ ಹತ್ತಿರ ಚಾಸಿಗೆ, ಅಂದರೆ ಗಾಡಿಯ ಕೆಳಗಿನ ಚೌಕಟ್ಟಿಗೆ, ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರು. ಸ್ಕ್ರೂಡ್ರೈವರಿನಿಂದ ಕೆರೆದರೆ ಪದರ ಪದರವಾಗಿ ತುಕ್ಕು ಉದುರಿತು. ಡಿಫರೆನ್ಷಿಯಲ್ ರಿಪೇರಿ ಮಾಡಿಸಬಹುದು, ಆದರೆ ಕೊಳೆತ ಚಾಸಿಯ ಸಹವಾಸ ನನಗೆ ಬೇಡ.

ಇಷ್ಟೆಲ್ಲ ಆದ ಮೇಲೆ ನನ್ನ ಓಡಾಟದ ಲೆಕ್ಕ ಹಾಕಿದೆ. ಬಹುಪಾಲು ಟಾರ್ ರಸ್ತೆ, ಕೊನೆಗೊಂದಿಷ್ಟು ಮಣ್ಣುದಾರಿ. ಆ ದಾರಿಯಲ್ಲಿ ಗಾಡಿಯ ತಳ ತಾಗಬಾರದು, ಇಳಿಜಾರಿನಲ್ಲಿ ಬ್ರೇಕ್ ಹಿಡಿಯಬೇಕು, ಅಷ್ಟೇ. ಬ್ರೇಕ್ ಹಾಕುವಾಗ ಫೋರ್ ವೀಲ್ ಡ್ರೈವ್ ಇದ್ದರೂ ಗಾಡಿ ನಿಲ್ಲಿಸುವುದು ಟೈರೇ.

ಸೆಡಾನ್ ತಗೊಂಡೆ. ಮೊದಲ ಖರ್ಚು ನಾಲ್ಕು ಹೊಸ ಟೈರು. ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದರೋ ದಾಖಲೆ ಇರಲಿಲ್ಲ, ಅದನ್ನೂ ಹಾಕಿಸಿದೆ. ಹೇಗೂ ಬಿಚ್ಚಿದ್ದಾರಲ್ಲ ಅಂತ ವಾಟರ್ ಪಂಪನ್ನೂ ಬದಲಿಸಿದೆ. ಆ ಎಸ್‌ಯುವಿಯ ಚಾಸಿ ಗಟ್ಟಿಯಾಗಿದ್ದು, ಸರ್ವಿಸ್ ದಾಖಲೆಯೂ ಇದ್ದಿದ್ದರೆ, ಪ್ರಾಯಶಃ ಅದನ್ನೇ ಮನೆಗೆ ತರುತ್ತಿದ್ದೆ.